ಬಂತು ಅಂದರೆ

ಬಾಗೂರಿನಲ್ಲಿ ಯಾರ ಮನೆ ಟಿ.ವಿ.ಯಲ್ಲಿ ಚುಕ್ಕೆ ಕುಣಿದರೂ ಜನ ಮೊದಲು ಹುಡುಕುತ್ತಿದ್ದುದು ನಮ್ಮ ಪಕ್ಕದ ಮನೆಯ ಗೌರೀಶಂಕರಣ್ಣನನ್ನು. ಇಪ್ಪತ್ತೈದು ವರ್ಷ ಅವನು ಊರಿನ ಸೂರೆಲ್ಲ ಹತ್ತಿ ಆಂಟೆನಾ ತಿರುಗಿಸಿದ. ಮೇಲಿನಿಂದ "ಬಂತಾ?" ಎಂದು ಕೂಗುತ್ತಿದ್ದ. ಒಳಗಿನವರು "ಇಲ್ಲ, ಇಲ್ಲ" ಎನ್ನುತ್ತಲೇ ಇದ್ದು ಕೊನೆಗೊಮ್ಮೆ "ಬಂತು" ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದದ್ದೇ ಅವನ ಕೈ ಕಂಬವನ್ನು ಬಿಗಿಯಾಗಿ ಹಿಡಿದು ನಿಂತುಬಿಡುತ್ತಿತ್ತು. ಕೂದಲೆಳೆಯಷ್ಟು ಅಲುಗಿದರೂ ಚಿತ್ರ ಹೋಗುತ್ತದಲ್ಲ.

ಆಮೇಲೆ ಮನೆಮನೆಗೂ ಡಿಶ್ ಬಂತು. ಹಳೆಯ ಪ್ರಸಾರವೂ ನಿಂತುಹೋಯಿತು. ಶಂಕರಣ್ಣನನ್ನು ಕರೆಯುವವರೇ ಇಲ್ಲವಾದರು. ಅವನ ತಾರಸಿಯ ಆಂಟೆನಾ ಮಾತ್ರ ಕಾಗೆ ಕೂರಲು ಉಳಿಯಿತು.

ಹೋದ ವರ್ಷ ಅವನ ಟಿ.ವಿ.ಗೆ ಸೆಟ್‌ಟಾಪ್ ಬಾಕ್ಸ್ ತರಲು ಅವನೂ ನಾನೂ ಚನ್ನರಾಯಪಟ್ಟಣಕ್ಕೆ ಹೋದೆವು. ಅಂಗಡಿಯವನು ಎರಡು ಬಾಕ್ಸ್ ಮುಂದಿಟ್ಟ.

"ಇದು ಡಿಶ್‌ದು ಸಾ, ತಟ್ಟೆ ಕಟ್ಟಿದ್ರೆ ಆಯ್ತು. ಅದು ಆಂಟೆನಾಕ್ಕೆ ಆಕೋದು. ಈಗ ಬಿಡೋ ಹೊಸ ಡಿಜಿಟಲ್ ಸಿಗ್ನಲ್ ನಿಮ್ಮೂರಲ್ಲಿ ಸಿಕ್ತದೆ ಅಂತ ನಾನು ಏಳಾಕಿಲ್ಲ. ಸಿಕ್ಕುದ್ರೂ ಕಂಬ ಇನ್ನೂ ಎತ್ತರ ಬೇಕು."

"ಡಿಶ್‌ದೇ ತಗಳಣ್ಣ" ಎಂದೆ.

"ತಟ್ಟೆ ಯಾವನು ಬೇಕಾದ್ರೂ ಕಟ್ತಾನೆ ಕಣ್ಲಾ" ಎಂದು ಶಂಕರಣ್ಣ ಆಂಟೆನಾದ ಬಾಕ್ಸನ್ನೇ ಎತ್ತಿಕೊಂಡ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಂತೆ. ಈ ಗಾದೆ ಕಟ್ಟಿದವನ ಮೇಲೂ ನನಗೀಗ ಸಿಟ್ಟಿದೆ.

ಅವನ ತಾರಸಿಯ ಪಕ್ಕದಲ್ಲೇ ದೊಡ್ಡ ಕರೆಂಟಿನ ಲೈನು ಹಾದುಹೋಗುತ್ತದೆ. ಹಳೆಯ ಕಂಬ ಅದಕ್ಕಿಂತ ಗಿಡ್ಡ. ಹೊಸ ಕಬ್ಬಿಣದ ಕಂಬ ಅದನ್ನು ಮೀರಿ ನಿಲ್ಲುವಂಥದ್ದು. ಅವನ ಹೆಂಡತಿ ಸುವರ್ಣಮ್ಮ, ನನಗೆ ಅತ್ತಿಗೆಯ ಹಾಗೆ, ಕಂಬ ನೋಡಿಯೇ ಬೆವರಿದರು.

"ಆ ಲೈನ್ ನೋಡಿದ್ರೆ ಎದೆ ಜಲ್ ಅಂತದೆ. ಬ್ಯಾಡ ಕಣ್ರೀ."

"ಬುಧವಾರ ಮಧ್ಯಾಹ್ನದ ಗಂಟ ಕರೆಂಟ್ ತೆಗೀತಾರೆ, ಆಗ ನಿಲ್ಲುಸ್ತೀನಿ. ನೀನು ಒಳಗೆ ಲೈಟ್ ನೋಡ್ತಿರು. ಕರೆಂಟ್ ಬಂದ್ರೆ ಕೂಗು. ಕಂಬ ಕೆಳಕ್ಕೆ ಮಲಗುಸ್ಬುಡ್ತೀನಿ."

ಏನೆಂದು ಕೂಗಬೇಕು ಎಂದು ಯಾರೂ ಹೇಳಲಿಲ್ಲ. ಪಕ್ಕದಲ್ಲೇ ನಿಂತಿದ್ದ ನನಗಾದರೂ ಹೊಳೆಯಬೇಕಿತ್ತು.

ಬುಧವಾರ ಹತ್ತೂವರೆಗೆ ಶಂಕರಣ್ಣ ತಾರಸಿ ಹತ್ತಿದ. ನಾನು ಬೀದಿಯಲ್ಲಿ ವೈರಿನ ಸುರುಳಿ ಹಿಡಿದು ನಿಂತಿದ್ದೆ. ಗಾಳಿ ಎದ್ದಿತ್ತು. ಕಂಬ ನೆಟ್ಟಗಾಯಿತು, ಇನ್ನೂ ಕಟ್ಟಿರಲಿಲ್ಲ, ಅವನ ಎರಡು ಕೈಗಳೇ ಅದಕ್ಕೆ ಆಧಾರ. ಮಧ್ಯಾಹ್ನಕ್ಕೆ ಇನ್ನೂ ಒಂದು ಗಂಟೆ ಇತ್ತು.

ಒಳಗಿನಿಂದ ಅತ್ತಿಗೆ ಕೂಗಿದರು. "ಬಂತು."

ಶಂಕರಣ್ಣನ ಮುಖ ಅರಳಿತು. ಎಷ್ಟೋ ವರ್ಷಗಳಿಂದ ಅವನು ಆ ಮಾತು ಕೇಳಿರಲಿಲ್ಲ. ಸುಳ್ಳೇಕೆ ಹೇಳಲಿ, ನನಗೂ ಖುಷಿಯಾಯಿತು. ವೈರು ನನ್ನ ಕೈಯಲ್ಲೇ ಇತ್ತು, ಟಿ.ವಿ.ಗೆ ಸೇರಿಸಿಯೇ ಇರಲಿಲ್ಲ. ಆದರೂ ಚಿತ್ರ ಬಂತು ಎಂದೇ ಅನ್ನಿಸಿತು.

ಅವನು ಕಂಬವನ್ನು ಮಲಗಿಸಲಿಲ್ಲ. ಅಪ್ಪಿ ಹಿಡಿದು, ಬಗ್ಗಿ ಕೇಳಿದ. "ಇಂಗೇ ಇರ್ಲಾ?"

"ಬಂತು ಕಣ್ರೀ, ಬಂತು" ಎಂದು ಅತ್ತಿಗೆ ಇನ್ನೂ ಜೋರಾಗಿ ಕೂಗಿದರು. ಅವನು ಇನ್ನೂ ಬಿಗಿಯಾಗಿ ಹಿಡಿದ. ಮೇಲೆ ಕಂಬದ ತುದಿ ಗಾಳಿಗೆ ನಿಧಾನವಾಗಿ ಲೈನಿನ ಕಡೆ ವಾಲಿತು. ಬಂದದ್ದು ಕರೆಂಟು ಎಂದು ಆಗ ನನಗೆ ಅರ್ಥವಾಯಿತು. ವೈರಿನ ಸುರುಳಿ ಎಸೆದು ಕೂಗುವಷ್ಟರಲ್ಲಿ ತುದಿ ಲೈನಿಗೆ ತಗುಲಿತ್ತು.

ಬಾಕ್ಸ್ ಇಂದಿಗೂ ಪ್ಲಾಸ್ಟಿಕ್ ಕವರಿನೊಳಗೇ ಟಿ.ವಿ. ಮೇಲಿದೆ. ಬಸ್ಸು ಬಂದರೆ ಅತ್ತಿಗೆ "ಬಸ್ಸು ನಿಂತದೆ" ಎನ್ನುತ್ತಾರೆ. ನಲ್ಲಿಯಲ್ಲಿ ನೀರು ಬಂದರೆ ಏನನ್ನೂ ಹೇಳದೆ ಬಿಂದಿಗೆ ಎತ್ತಿಕೊಂಡು ಹೋಗುತ್ತಾರೆ.