ಒಂದೂವರೆ ಬೆರಳಿನ ಬಾಯಿ

ಅವಳ ಟ್ಯಾಬಿನ ಚಾರ್ಜು ಎಂದೂ ಮುಗಿಯುತ್ತಿರಲಿಲ್ಲ. ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದ.

ನಾವಿಬ್ಬರೂ ಒಂದು ಮೆಡಿಕಲ್ ಕಾಲೇಜಿನ ಕ್ಯಾನ್ಸರ್ ಸಂಶೋಧನಾ ವಿಭಾಗಕ್ಕೆ ಮನೆ ಮನೆ ಸರ್ವೆ ಮಾಡುವವರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದು ನಾಲ್ಕು ತಾಲ್ಲೂಕು ಸುತ್ತಬೇಕು. ಮನೆಯಲ್ಲಿ ಯಾರು ಏನು ಉಣ್ಣುತ್ತಾರೆ, ಏನು ಅಗಿಯುತ್ತಾರೆ, ಏನು ಸೇದುತ್ತಾರೆ, ಯಾರಿಗಾದರೂ ‘ಆ ಕಾಯಿಲೆ’ ಬಂದಿತ್ತಾ ಎಂದು ಕೇಳಿ ಟ್ಯಾಬಿನಲ್ಲಿ ತುಂಬಬೇಕು. ಹೀಗೆ ನೂರಾರು ಮನೆಗಳ ಉತ್ತರಗಳನ್ನು ಒಟ್ಟಿಗಿಟ್ಟು, ಕಾಯಿಲೆ ಯಾರಿಗೆ ಬರುತ್ತದೆ, ಯಾಕೆ ಬರುತ್ತದೆ ಎಂದು ಹುಡುಕುವ ವಿದ್ಯೆಗೆ ಎಪಿಡೆಮಿಯಾಲಜಿ ಎನ್ನುತ್ತಾರೆ. ನಮ್ಮಮ್ಮನಿಗೆ ಈ ಹೆಸರನ್ನು ಮೂರು ಸಲ ಬಾಯಿಪಾಠ ಮಾಡಿಸಿದೆ. “ಅದೇನಾರ ಆಗ್ಲಿ ಕಣ್ಲಾ, ಕ್ಯಾನ್ಸರ್ ಅನ್ನೋದನ್ನ ಮಾತ್ರ ನಮ್ ಬರಗೂರ್ನಾಗೆ ಬಾಯ್ಬುಡಬ್ಯಾಡ. ಯಾರೂ ಹೆಣ್ಣು ಕೊಡಾಕಿಲ್ಲ” ಅಂದಳು.

ನನ್ನ ಜೊತೆ ಸರ್ವೆ ಮಾಡುವ ಅವಳು ಪುರವರದವಳು. ನನಗಿಂತ ಒಂದು ವರ್ಷಕ್ಕೆ ದೊಡ್ಡವಳು. ನನಗೆ ಕೆಲಸವಿದ್ದಾಗ ‘ಅಕ್ಕಾ’, ಇಲ್ಲದಾಗ ಬರೀ ‘ಅವಳು’. ಅವಳು ಒಂದು ಮನೆ ಮುಗಿಸುವಷ್ಟರಲ್ಲಿ ನಾನು ಎರಡು ಮುಗಿಸುತ್ತಿದ್ದೆ. ನನ್ನ ಬಂಡವಾಳ ನನ್ನ ಗಂಟಲು. ಜಗಲಿಯ ಮೇಲೆ ಕೂತು ಆ ಊರಿನ ಪಂಚಾಯ್ತಿ ಸದಸ್ಯನ ಹಾಗೆ ಒಂದು ಸಲ ಕೆಮ್ಮಿ, ಬಸ್ ಕಂಡಕ್ಟರ್ ಹಾಗೆ ಒಂದು ಸಲ ಗದರಿದರೆ ಸಾಕು, ಅಕ್ಕಪಕ್ಕದ ಮನೆಯವರೂ ಬಂದು ನಿಲ್ಲುತ್ತಿದ್ದರು. ನಗುನಗುತ್ತಾ ಪ್ರಶ್ನೆಗಳು ಮುಗಿದುಹೋಗುತ್ತಿದ್ದವು. ಅವಳು ಹಾಗಲ್ಲ. ನೆಲದ ಮೇಲೆ ಕೂರುತ್ತಾಳೆ, ಟ್ಯಾಬನ್ನು ತೊಡೆಯ ಮೇಲೆ ಬೋರಲು ಹಾಕುತ್ತಾಳೆ, ಒಂದು ಲೋಟ ನೀರು ಕೇಳುತ್ತಾಳೆ. ಆಮೇಲೆ ಒಂದು ಪ್ರಶ್ನೆ ಕೇಳಿ ಸುಮ್ಮನಿರುತ್ತಾಳೆ. ಅಂಥವಳ ಫಾರಂಗಳನ್ನು ವಿಭಾಗದ ಮೇಡಂ ಎಲ್ಲರೆದುರು ಹೊಗಳಿದ್ದರು. ಫಾರಂನ ಕೊನೆಯಲ್ಲಿ ‘ಇತರೆ’ ಅಂತ ಒಂದು ಖಾಲಿ ಜಾಗವಿದೆ. ಅವಳದು ಎಂದೂ ಖಾಲಿ ಇರುತ್ತಿರಲಿಲ್ಲ. ನನ್ನದು ಎಂದೂ ತುಂಬುತ್ತಿರಲಿಲ್ಲ. ಪರೀಕ್ಷೆಯಲ್ಲಿ ಅಡಿಷನಲ್ ಶೀಟು ಕೇಳುವ ಹುಡುಗಿಯರ ಮೇಲೆ ಹೈಸ್ಕೂಲಿನಿಂದಲೂ ನನಗೆ ಇದೇ ಸಿಟ್ಟು.

ಸೇಡು ತೀರಿಸಿಕೊಳ್ಳೋಣವೆಂದು ಒಂದು ದಿನ ಮಧುಗಿರಿಯ ನಮ್ಮ ಆಫೀಸಿನಲ್ಲಿ, ಅವಳಿಲ್ಲದಾಗ, ಅವಳ ಹಾಗೆ ಮಾಡಿ ತೋರಿಸಿದೆ. ಸೂಪರ್‌ವೈಸರ್ ಅಣ್ಣ ಕಣ್ಣು ಪಿಳಿಪಿಳಿ ಬಿಟ್ಟ.

“ಇದ್ಯಾರೋ?”

“ಅಕ್ಕ ಕಣಣ್ಣ.”

“ಏನೂ ಮಾಡ್ಲೇ ಇಲ್ವಲ್ಲೋ ನೀನು.”

“ಅವ್ಳು ಮಾಡೋದೇ ಅಷ್ಟು!”

ಯಾರೂ ನಗಲಿಲ್ಲ. ನಾಲ್ಕು ತಾಲ್ಲೂಕಿನಲ್ಲಿ ನನ್ನ ಕೈಗೆ ಸಿಗದೆ ಹೋದ ಒಬ್ಬಳೇ ಒಬ್ಬಳು ಅವಳು. ಅಣಕಿಸಲು ಹಿಡಿದುಕೊಳ್ಳುವ ಒಂದು ಕೊಕ್ಕೆಯೂ ಇಲ್ಲದ ಹೆಣ್ಣು.

ಹೀಗಿರುವಾಗ ಆ ಹುದ್ದೆ ಬಂತು. ಮೆಡಿಕಲ್ ಕಾಲೇಜಿನಲ್ಲೇ ಕೂತು ಮಾಡುವ ಸಂಶೋಧನಾ ಸಹಾಯಕರ ಕೆಲಸ. ಕೆಲಸ ಮಾಡುತ್ತಲೇ ಸಾರ್ವಜನಿಕ ಆರೋಗ್ಯದಲ್ಲಿ ಎಂ.ಎ. ಥರದ ಡಿಗ್ರಿ ಓದಬಹುದು, ಫೀಸು ಕಾಲೇಜಿನದೇ. ಮುಂದೆ ಪಿಎಚ್‌.ಡಿ.ಗೂ ದಾರಿ ಇದೆ ಎಂದು ಮೇಡಂ ಹೇಳಿದರು. ಸರ್ವೆಯವರ ಪೈಕಿ ಅರ್ಜಿ ಹಾಕಿದವರು ಇಬ್ಬರು: ನಾನು, ಅವಳು. ಇರುವುದು ಒಂದೇ ಕುರ್ಚಿ. ಬಿಸಿಲಲ್ಲಿ ನಾಯಿಗಳಿಗೆ ಹೆದರಿಕೊಂಡು ಗೇಟು ತಟ್ಟುವ ಜನ್ಮದಿಂದ ಫ್ಯಾನಿನ ಕೆಳಗಿನ ಜನ್ಮಕ್ಕೆ ಹೋಗುವ ಬಸ್ಸಿನಲ್ಲಿ ಒಂದೇ ಸೀಟು ಖಾಲಿಯಿತ್ತು, ಅದರ ಮೇಲೆ ಅವಳು ಆಗಲೇ ಟವೆಲ್ ಹಾಕಿಬಿಟ್ಟಿದ್ದಾಳೆ ಎಂದು ನನಗೆ ಅನ್ನಿಸುತ್ತಿತ್ತು.

ಸಂದರ್ಶನಕ್ಕೆ ಅವಳನ್ನು ಮೊದಲು ಕರೆದರು. ನಾನು ಹೊರಗೆ ಬಾಗಿಲಿಗೆ ಕಿವಿಕೊಟ್ಟು ಕೂತೆ. ಮುಕ್ಕಾಲು ಗಂಟೆ. ಒಂದು ಸಲವೂ ನಗು ಕೇಳಲಿಲ್ಲ. ಗೆದ್ದೆ ಅಂದುಕೊಂಡೆ. ಹೊರಗೆ ಬಂದವಳು, “ಹೋಗೋ, ಚೆನ್ನಾಗ್ ಮಾಡು” ಅಂದಳು. ಅದನ್ನಾದರೂ ವ್ಯಂಗ್ಯವಾಗಿ ಹೇಳಬಾರದಿತ್ತೇ? ಹೇಳಲಿಲ್ಲ. ಅದೂ ಒಂದು ಹೊಟ್ಟೆಯುರಿ.

ಒಳಗೆ ಮೇಡಂ ಜೊತೆ ಇನ್ನಿಬ್ಬರು ಪ್ರೊಫೆಸರುಗಳು, ಪಕ್ಕದಲ್ಲಿ ಬಾಯಿ, ದವಡೆಯ ಆಪರೇಷನ್ ಮಾಡುವ ಹಿರಿಯ ಡಾಕ್ಟರು. ಮೇಡಂ ನಗುತ್ತಾ, “ನಾಲ್ಕು ತಾಲ್ಲೂಕಿನ ಜನರ ಥರಾನೂ ಮಾತಾಡ್ತೀರಂತೆ, ಹೌದಾ?” ಅಂದರು. ಕುಣಿಯುವವನ ಕಾಲಿಗೆ ಗೆಜ್ಜೆ ಕಟ್ಟಿದ ಹಾಗಾಯಿತು. “ಮಾ ಇಂಟ್ಲೋ ಎವರೂ ಬೀಡಿ ತಾಗರು ಸಾರ್, ನಾನೊಬ್ನೇ ಸೇದಾದು” ಎಂದು, ಮನೆಯಲ್ಲಿ ಯಾರೂ ಬೀಡಿ ಸೇದಲ್ಲ ಅನ್ನುವುದನ್ನು ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುವ ಪಾವಗಡದ ರೈತನನ್ನು ಮಾಡಿದೆ. “ಕಸಂ ಸೇ ಸಾರ್, ಆಣೆಗೂ ಬಿಟ್ಬುಟ್ಟೀನಿ” ಎನ್ನುತ್ತಲೇ ಗುಟ್ಕಾ ಕೆನ್ನೆ ಬದಲಿಸುವ ಶಿರಾದ ಆಟೋದವನನ್ನು ಮಾಡಿದೆ. ಮೂವರೂ ನಕ್ಕರು, ಡಾಕ್ಟರೂ ನಕ್ಕರು. ಕೊನೆಗೆ ನನ್ನ ತುರುಪಿನ ಎಲೆ ತೆಗೆದೆ. ಅದು ಕೊರಟಗೆರೆ ತಾಲ್ಲೂಕು ತೋವಿನಕೆರೆಯ ಒಬ್ಬ ಅಜ್ಜಿ.

ಅಜ್ಜಿ ಹಲ್ಲು ಬಿಡದೆ, ತುಟಿ ಸಂದಿಯಿಂದ ಬೈಯುವವಳು. ನಗು ಬಂದರೆ ಸೆರಗು ಬಾಯಿಗೆ ಅಡ್ಡ ಹಿಡಿಯುವವಳು. ಫಾರಂನಲ್ಲಿ ‘ಬಾಯಲ್ಲಿ ಹುಣ್ಣು, ಉರಿ, ಗಂಟು ಇದೆಯೇ’ ಎಂದು ಒಂದು ಪ್ರಶ್ನೆಯಿದೆ. ನಾನು ಕೇಳಿದಾಗ ಅವಳು, “ನನ್ ಬಾಯ್ನಾಗೆ ಬೈಗುಳ ಬುಟ್ರೆ ಇನ್ನೇನೈತ್ಲಾ!” ಅಂದಿದ್ದಳು. ಜಗಲಿ ತುಂಬ ಜನ ಬಿದ್ದು ಬಿದ್ದು ನಕ್ಕಿದ್ದರು. ಅದನ್ನೇ, ಸೆರಗಿನ ಬದಲು ಕರ್ಚೀಫು ಹಿಡಿದು, ಹಾಗೇ ಮಾಡಿದೆ.

ಡಾಕ್ಟರು ನಗುವುದನ್ನು ನಿಲ್ಲಿಸಿದರು. “ಇನ್ನೊಂದ್ಸಲ ಮಾಡಿ.”

ಅಭಿಮಾನಿ ಸಿಕ್ಕರು ಎಂದುಕೊಂಡು ಇನ್ನೂ ಜೋರಾಗಿ ಮಾಡಿದೆ.

“ಜೋರು ಬೇಡ. ಅವರು ಮಾಡೋ ಹಾಗೇ ಮಾಡಿ. ಅವರ ಬಾಯಿ ಅಷ್ಟೇನಾ ತೆರೆಯೋದು?”

ಅವರು ಎದ್ದು ಬಂದು ನನ್ನ ಹಲ್ಲುಗಳ ನಡುವಿನ ಸಂದಿಯ ಮುಂದೆ ತಮ್ಮ ಬೆರಳುಗಳನ್ನು ಅಡ್ಡ ಹಿಡಿದು ಅಳೆದರು. “ಒಂದೂವರೆ ಬೆರಳು. ಮೂರು ಬೆರಳು ಹೋಗುವಷ್ಟು ಬಾಯಿ ತೆರೆಯಬೇಕು. ಅಡಿಕೆ ಜೊತೆ ಹೊಗೆಸೊಪ್ಪು ಹಾಕ್ತಾರಾ?”

“ಸೊಸೆ ಮುಂದೆ ಇಲ್ಲ ಅಂದ್ರು ಸಾರ್.”

“ಬಾಯಿ ಪ್ರಶ್ನೆಗೆ ನೀವೇನು ಬರೆದಿರಿ?”

“ಇಲ್ಲ ಅಂತ.”

“ಅವರು ಇಲ್ಲ ಅಂದ್ರಾ?”

ಅಂದಿರಲಿಲ್ಲ. ತಮಾಷೆ ಮಾಡಿದ್ದಳು, ಅಷ್ಟೇ. ಊರನ್ನೆಲ್ಲ ನಗಿಸುವ ತಮಾಷೆಗಾರ ಒಂದು ತಮಾಷೆಯನ್ನು ಉತ್ತರವೆಂದು ಬರೆದುಕೊಂಡು ಬಂದಿದ್ದ. ‘ಇತರೆ’ಯಲ್ಲಿ ಏನು ಬರೆದಿದ್ದೀರಿ ಎಂದು ಮೇಡಂ ಕೇಳಿದರು. ಖಾಲಿ ಬಿಟ್ಟಿದ್ದೇನೆ ಅಂದೆ. ಎರಡು ದಿನದೊಳಗೆ ಆ ಅಜ್ಜಿಯನ್ನು ಕರೆತನ್ನಿ ಎಂದರು.

ಮರುದಿನ ಬೆಳಗಿನ ಬಸ್ಸಿಗೇ ತೋವಿನಕೆರೆಗೆ ಹೋದೆ. ನನ್ನನ್ನು ಕಂಡ ಕೂಡಲೇ ಅಜ್ಜಿ ಸೆರಗು ಬಾಯಿಗಿಟ್ಟುಕೊಂಡಳು.

“ಇವತ್ತು ಯಾರ್ ತರ ಮಾಡ್ತೀಯ್ಲಾ?”

“ತಮಾಷೆ ಅಲ್ಲ ಅಜ್ಜಿ. ಬಾಯಿ ತೆಗಿ, ನೋಡ್ಬೇಕು.”

“ನನ್ನೇನ್ ದನದ ಸಂತೇಲಿ ನಿಲ್ಸಿದೀಯೇನ್ಲಾ, ಹಲ್ ಎಣಿಸಾಕೆ!”

ಪಕ್ಕದ ಮನೆಯವರು ಆಗಲೇ ಬಂದು ನಿಂತಿದ್ದರು. ನಾನು ಗಂಭೀರವಾಗಿ ಹೇಳಿದಷ್ಟೂ ನಗು ಹೆಚ್ಚಾಯಿತು. ಗಂಭೀರ ಡಾಕ್ಟರನ್ನು ಅಣಕಿಸುತ್ತಿದ್ದೇನೆ ಅಂದುಕೊಂಡರು. ಎದ್ದು ಬಸ್‌ಸ್ಟಾಪಿಗೆ ಬಂದೆ. ಅಕ್ಕನಿಗೆ ಫೋನು ಮಾಡಿದರೆ ಬರುತ್ತಾಳೆ, ಅಜ್ಜಿ ಅವಳ ಮಾತು ಕೇಳುತ್ತಾಳೆ, ಅದು ಗೊತ್ತಿತ್ತು. ಮೇಡಂ ಮುಂದೆ ಅಜ್ಜಿಯನ್ನು ಕೈಹಿಡಿದು ಕರೆತರುವವಳು ಅವಳಾಗುತ್ತಾಳೆ, ಅದೂ ಗೊತ್ತಿತ್ತು. ಇನ್ನೂ ಫಲಿತಾಂಶ ಬಂದಿರಲಿಲ್ಲ. ಅವಳ ನಂಬರ್ ತೆಗೆದೆ. ಒತ್ತಲು ಬೆರಳು ಒಪ್ಪಲಿಲ್ಲ. ನಾನು ಅಷ್ಟು ಸಣ್ಣ ಮನುಷ್ಯ.

ಆಗ ಹೊಳೆಯಿತು. ಅವಳನ್ನು ಕರೆಯುವುದು ಬೇಡ, ಅವಳ ಹಾಗೆ ಮಾಡಿದರಾಯಿತಲ್ಲ!

ಜನ ಚದುರುವವರೆಗೆ ಕಾದು ವಾಪಸ್ ಹೋದೆ. ಜಗಲಿ ಹತ್ತಲಿಲ್ಲ, ನೆಲದ ಮೇಲೆ ಕೂತೆ. ಟ್ಯಾಬನ್ನು ತೊಡೆಯ ಮೇಲೆ ಬೋರಲು ಹಾಕಿದೆ. ಒಂದು ಲೋಟ ನೀರು ಕೇಳಿದೆ. ಸೊಸೆ ತಂದುಕೊಟ್ಟು ಹಿತ್ತಲಿಗೆ ಹೋದಳು. ಅಕ್ಕನದೇ ಮೆತ್ತನೆಯ ದನಿಯಲ್ಲಿ, “ಅಜ್ಜಿ, ಊಟಕ್ಕೇನು ಮಾಡ್ಕೊಂಡಿದ್ರಿ ಇವತ್ತು?” ಅಂದೆ. ಆಮೇಲೆ ಬಾಯಿ ಮುಚ್ಚಿದೆ. ಜೀವಮಾನದಲ್ಲೇ ನಾನು ಮಾಡಿದ ಅತಿ ಕಷ್ಟದ ಪಾತ್ರ ಅದು. ಮನಸ್ಸಿನಲ್ಲೇ ಇಪ್ಪತ್ತು ಎಣಿಸಿದೆ. ಹದಿಮೂರರ ಹತ್ತಿರ ಒಂದು ಒಳ್ಳೆಯ ಜೋಕು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ.

ಅಜ್ಜಿ ಹಿತ್ತಲ ಕಡೆ ಒಮ್ಮೆ ನೋಡಿದಳು. ಸೆರಗು ಕೆಳಗಿಳಿಸಿದಳು.

“ಮುದ್ದೆ ಒಳಕ್ಕೇ ಓಗಾಕಿಲ್ಲ ಮಗಾ. ಗೋಲಿ ಗಾತ್ರ ಮುರ್ಕೊಂಡು ತಳ್ಕೋತೀನಿ. ಖಾರ ಅಂತೂ ಬೆಂಕಿ ಇಟ್ಟಂಗೆ. ವರ್ಸದಿಂದ ಇಂಗೇ. ಹೊಗೆಸೊಪ್ಪು ಬುಡು ಅಂತಾರೆ ಅಂತ ಯಾರಿಗೂ ಯೋಳಿಲ್ಲ ಕಣ್ಲಾ.”

ನಾನು ಇನ್ನೂ ಸುಮ್ಮನಿದ್ದೆ. ಈಗ ಎಣಿಸುತ್ತಿರಲಿಲ್ಲ.

“ಆಸ್ಪತ್ರೆಗೆ ಓಗಾದಾದ್ರೆ ನೀನೂ ಬತ್ತೀಯ ತಾನೆ ಜೊತೇಲಿ?” ಅಂದಳು, ನಾನು ಆಸ್ಪತ್ರೆಯ ಮಾತೆತ್ತುವ ಮೊದಲೇ.

ಮರುದಿನ ಕರೆದುಕೊಂಡು ಹೋದೆ. ಡಾಕ್ಟರು ಕೆನ್ನೆಯೊಳಗಿನಿಂದ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವಾರದ ಮೇಲೆ ವರದಿ ಬಂದಾಗ, ಕ್ಯಾನ್ಸರ್ ಆಗಿಲ್ಲ, ಆಗುವ ದಾರಿಯಲ್ಲಿದೆ ಎಂದರು. ಅಡಿಕೆ, ಹೊಗೆಸೊಪ್ಪು ಬಿಡಿಸಿದರು, ಚಿಕಿತ್ಸೆ ಶುರುಮಾಡಿದರು. ವರದಿ ಬಂದ ರಾತ್ರಿ ಊಟಕ್ಕೆ ಮುನ್ನ ಅಜ್ಜಿಯ ಫಾರಂ ತಿದ್ದಿದೆ. ‘ಇತರೆ’ಯಲ್ಲಿ ಮುದ್ದೆಯ ವಿಷಯ, ಸೊಸೆಯ ವಿಷಯ, ಸೆರಗಿನ ವಿಷಯ, ಒಂದೂವರೆ ಬೆರಳು, ಎಲ್ಲ ಬರೆದೆ. ಜಾಗ ಸಾಲಲಿಲ್ಲ.

ಕುರ್ಚಿ ಅವಳಿಗೇ ಸಿಕ್ಕಿತು. ಸಿಗಬೇಕಾದದ್ದೇ ಎಂದು ನಾನು ದೊಡ್ಡ ಮನಸ್ಸಿನಿಂದ ಬರೆಯುತ್ತೇನೆ ಎಂದುಕೊಳ್ಳಬೇಡಿ. ಎರಡು ದಿನ ಅಮ್ಮನ ಜೊತೆಯೂ ಮಾತಾಡಲಿಲ್ಲ. ‘ಬಾಯಿ ಎಷ್ಟು ಬೆರಳು ತೆರೆಯುತ್ತದೆ’ ಎಂಬ ಪ್ರಶ್ನೆಯನ್ನು ಫಾರಂಗೆ ಸೇರಿಸಿದರು. ಅದನ್ನು ಹೊಸಬರಿಗೆ ಕಲಿಸುವವಳೂ ಅವಳೇ. ನಾನು ಈಗಲೂ ಪಾವಗಡದ ಬಿಸಿಲಲ್ಲಿ ಗೇಟು ತಟ್ಟುತ್ತಿದ್ದೇನೆ.

ಸರ್ವೆಯಿಂದ ಬಂದ ಫಾರಂಗಳನ್ನು ಪರಿಶೀಲಿಸುವುದು ಈಗ ಅವಳ ಕೆಲಸ. ಹೋದ ತಿಂಗಳು ಫೋನು ಮಾಡಿದಳು.

“ಲೇ, ತೋವಿನಕೆರೆ ಅಜ್ಜಿ ಫಾರಂ ನೀನೇ ತುಂಬಿದ್ದಾ?”

“ಹೂಂ. ಯಾಕೆ?”

“ಚೆನ್ನಾಗಿ ಬರ್ದಿದೀಯ. ಆದ್ರೆ ನೀನ್ ಬರ್ದಂಗೆ ಇಲ್ವಲ್ಲೋ. ಯಾರ ಹತ್ರ ಕಲ್ತೆ?”

ನಾಲ್ಕು ತಾಲ್ಲೂಕಿನ ಗಂಟಲುಗಳೆಲ್ಲ ನನ್ನೊಳಗಿದ್ದವು. ಒಂದೂ ಉತ್ತರ ಕೊಡಲಿಲ್ಲ. ಆ ಕಡೆ ಅವಳೂ, ಎಂದಿನ ಹಾಗೆ, ಸುಮ್ಮನೆ ಕಾದಳು. ಆ ಆಟದಲ್ಲಿ ಅವಳನ್ನು ಗೆಲ್ಲುವುದು ನನ್ನಿಂದಾಗುತ್ತದೆಯೇ?

“ನಿನ್ ಹತ್ರಾನೇ ಕಣಕ್ಕಾ” ಅಂದುಬಿಟ್ಟೆ. ಫೋನಿಟ್ಟ ಮೇಲೆ ಹೊಟ್ಟೆ ಮತ್ತೆ ಉರಿಯಿತು.