ಮಳೆಗೆ ಕಾದಿದ್ದ ಆಯಿಲ್ ಡಬ್ಬಿ

ಗೆಳೆಯರೇ, ಇವತ್ತು ಬಸವಕಲ್ಯಾಣದಲ್ಲಿ ಮಳೆ ಶುರುವಾದ ಕೂಡಲೇ ನಮ್ಮ ಓಣಿಯ ಗ್ಯಾರೇಜ್ ಕಾಕಾ ಹೊರಬಂದರು. ಕೈಯಲ್ಲಿ ಲಾರಿಗಳಿಂದ ತೆಗೆದಿಟ್ಟ ಕಪ್ಪು ಆಯಿಲ್ ತುಂಬಿದ ಡಬ್ಬಿ. ನೇರ ಗಟಾರದ ಕಡೆ ಹೊರಟವರಿಗೆ ನಾನು ಅಡ್ಡ ನಿಂತೆ.

"ಮಳಿ ಬಂದಾಗೇ ಚೆಲ್ಲಬೇಕವ್ವಾ. ಬ್ಯಾರೆ ದಿನ ಚೆಲ್ಲಿದ್ರ ಓಣಿ ಹೊಲಸಾಗ್ತದ" ಎಂದರು, ನನಗೇ ಬುದ್ಧಿ ಹೇಳುವಂತೆ.

"ಈ ಗಟಾರದ ನೀರು ಎಲ್ಲಿಗಿ ಹೋಗ್ತದ ಕಾಕಾ?"

"ಕೆರಿಗಿ."

"ಹಂಗಾದ್ರ ನಾ ಸರಿಯಂಗಿಲ್ಲ."

ಅವರೂ ಕದಲಲಿಲ್ಲ. ಇಬ್ಬರೂ ತೊಯ್ದು ತೊಪ್ಪೆಯಾದೆವು. ಮಳೆ ನಿಂತಿತು, ಡಬ್ಬಿ ತುಂಬಿದಂತೆಯೇ ಒಳಗೆ ಹೋಯಿತು. ನಾಳೆ ಮಳೆ ಬಂದರೆ ನಾಳೆಯೂ ನಿಲ್ಲುತ್ತೇನೆ.

ಅಂದ ಹಾಗೆ, ಕೆರೆಯ ಮೀನು ಆಯಿಲ್ ವಾಸನೆ ಹೊಡೆಯುತ್ತದೆ ಎಂದು ಹೋದ ವಾರ ಮೀನು ಮಾರುವವಳ ಜೊತೆ ಜಗಳಕ್ಕೆ ನಿಂತಿದ್ದವರು ಇದೇ ಕಾಕಾ.