ಪುಸ್ತಕ ಸುಡುವವರ ಕಾದಂಬರಿ ಮತ್ತು ನಮ್ಮ ಕಾಲೇಜಿನ ಕಪಾಟು

ಸಿಂದಗಿಯ ಒಂದು ಕಾಲೇಜಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಕಲಿಸುತ್ತೇನೆ ಅನ್ನುವುದು ಕೊಂಚ ದೊಡ್ಡ ಮಾತಾಯಿತು, ಇರಲಿ. ಹೋದ ವರ್ಷ ಬಿ.ಎ. ತರಗತಿಗೆ ಒಂದು ಹಳೆಯ ಅಮೆರಿಕನ್ ಕಾದಂಬರಿ ಪಠ್ಯವಾಗಿತ್ತು. ಮುಂದೆಂದೋ ಒಂದು ಕಾಲದಲ್ಲಿ ಪುಸ್ತಕ ಇಟ್ಟುಕೊಳ್ಳುವುದೇ ಅಪರಾಧವಾಗಿ, ಸರ್ಕಾರದ ಆಳುಗಳು ಮನೆಮನೆಗೆ ನುಗ್ಗಿ ಸುಟ್ಟುಹಾಕುವ ಕಥೆ. ಜನ ದಪ್ಪ ಪುಸ್ತಕ ಬಿಟ್ಟು ಸಾರಾಂಶಕ್ಕೆ ಇಳಿದದ್ದೂ ಆ ಅನಾಹುತಕ್ಕೆ ಒಂದು ಕಾರಣ ಎಂದು ಅದರಲ್ಲೇ ಬರುತ್ತದೆ. ಅಂಥ ಕಾದಂಬರಿಯನ್ನು ನಮ್ಮ ಮಕ್ಕಳು ಓದುವುದು ಬಸ್‌ಸ್ಟ್ಯಾಂಡ್ ಎದುರು ಸಿಗುವ ಗೈಡಿನಲ್ಲಿ, ಎರಡು ಪುಟದ ಸಾರಾಂಶದಲ್ಲಿ. ಇದನ್ನು ಹೇಳಿ ನಾನೊಬ್ಬಳೇ ನಕ್ಕೆ. ಮಕ್ಕಳು ಪರೀಕ್ಷೆಗೆ ಬರುತ್ತದೇನೋ ಎಂದು ಪೆನ್ನು ತೆಗೆದರು.

ಹಿನ್ನೆಲೆ ಹೇಳದಿದ್ದರೆ ನನಗೆ ಪಾಠ ಮಾಡಿದ ಸಮಾಧಾನವಿಲ್ಲ. ಆ ಕಾದಂಬರಿ ಬಂದಾಗ ಎರಡನೆಯ ಮಹಾಯುದ್ಧ ಮುಗಿದು ಬಹಳ ಕಾಲವಾಗಿರಲಿಲ್ಲ. ಜರ್ಮನಿಯಲ್ಲಿ ಓದುವ ಹುಡುಗರೇ ಬಯಲಲ್ಲಿ ಪುಸ್ತಕ ಒಟ್ಟಿ ಬೆಂಕಿ ಇಟ್ಟದ್ದನ್ನು ಜಗತ್ತು ಮರೆತಿರಲಿಲ್ಲ. ಅಮೆರಿಕದಲ್ಲಿ ಅಣುಬಾಂಬಿನ ಭಯ, ಪಕ್ಕದ ಮನೆಯವನು ಕಮ್ಯುನಿಸ್ಟನೇ ಎಂಬ ಗುಮಾನಿ, ಬರೆಯುವವರನ್ನೂ ಕಲಿಸುವವರನ್ನೂ ಕರೆದು ಕೂರಿಸಿ ವಿಚಾರಣೆ. ಇನ್ನೊಂದು ಕಡೆ ಮನೆಮನೆಗೂ ಹೊಸದಾಗಿ ಬಂದ ಟಿ.ವಿ. ಆ ದಿನಗಳ ಹೆದರಿಕೆಯನ್ನೇ ಲೇಖಕ ಮುಂದಿನ ಕಾಲದ ಕಥೆ ಮಾಡಿದ ಎಂದೆ.

ಹಿಂದಿನ ಬೆಂಚಿನವನೊಬ್ಬ ಎದ್ದು ನಿಂತ. "ನಮ್ಮ ಕಡೆ ಹಂಗ ಯಾರು ಸುಡ್ತಾರ್ರಿ ಮೇಡಂ? ನಾವು ಪುಸ್ತಕಕ್ಕ ಕಾಲ ಹತ್ತಿದ್ರ ಕಣ್ಣಿಗೆ ಒತ್ತಿಕೊಳ್ಳೂ ಮಂದಿ!" ಇಡೀ ತರಗತಿ ಹೌದೌದು ಅಂದಿತು. ಆಗ ನನಗೂ ಹೆಮ್ಮೆಯೇ ಆಯಿತು.

ಪಾಠ ಮುಗಿದ ಮೇಲೆ ಕನ್ನೊಳ್ಳಿಯಿಂದ ಬರುವ ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. "ಮೇಡಂ, ನಾ ಅದನ್ನ ಪೂರಾ ಓದಬೇಕ್ರಿ. ಇಂಗ್ಲಿಷ್ನ್ಯಾಗ ನನಗ ತಿಳಿಯಂಗಿಲ್ಲ. ಲೈಬ್ರರಿ ಕಪಾಟಿನ್ಯಾಗ ಕನ್ನಡದ್ದು ಐತ್ರಿ, ಗಾಜಿನ್ಯಾಗಿಂದ ನೋಡೇನಿ." ಆ ಅನುವಾದ ಅಂಗಡಿಗಳಲ್ಲಿ ಮುಗಿದು ಯಾವ ಕಾಲವಾಯಿತೋ. ಇಷ್ಟು ವರ್ಷದ ನೌಕರಿಯಲ್ಲಿ ಪೂರಾ ಓದಬೇಕು ಅಂದವರನ್ನು ನಾನು ಕಂಡಿರಲಿಲ್ಲ. ಕೊಡಿಸುತ್ತೇನೆ ಎಂದು ಮಾತು ಕೊಟ್ಟೆ. ಸಂತೋಷಕ್ಕೆ ಕಣ್ಣು ಒದ್ದೆಯಾಗಿದ್ದವು, ಸುಳ್ಳೇಕೆ ಹೇಳಲಿ.

ಕಪಾಟಿನ ಕೀಲಿ ಪ್ರಿನ್ಸಿಪಾಲರ ಜೇಬಿನಲ್ಲಿತ್ತು. ಇಂಡಿಯಲ್ಲಿ ಲಿಂಬೆ ತೋಟ ಇರುವ ಸಂಭಾವಿತರು. ಗೋಡೆಯೊಳಗೆ ಕೂಡಿಸಿದ ಆ ಕಟ್ಟಿಗೆಯ ಕಪಾಟಿಗೆ ಪ್ರತಿ ವರ್ಷ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ತಾವೇ ವಿಭೂತಿ, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಸ್ವಂತ ತೋಟದ ಲಿಂಬೆಹಣ್ಣು ಇಡುತ್ತಿದ್ದರು. ನಾನು ಕೇಳಿದ್ದು ದಸರೆಯ ಹೊಸ್ತಿಲಲ್ಲಿ.

"ನಾಳೆ ಪೂಜಾ ಐತಿ, ಈಗ ಪುಸ್ತಕ ಮುಟ್ಟಬಾರದ್ರಿ ಮೇಡಂ" ಅಂದರು. ಪೂಜೆಯಾಯಿತು. ದಶಮಿ ದಿನ ಕೀಲಿ ಕೇಳಲು ಅವರ ಮನೆಗೇ ಹೋದರೆ ಕೈಗೆ ಬನ್ನಿ ಎಲೆ ಇಟ್ಟು, "ಬಂಗಾರದಂಗ ಇರೋಣ್ರಿ" ಅಂದರು. ನಾನೂ ಬಂಗಾರದಂತೆ ವಾಪಸು ಬಂದೆ. ರಜೆ ಮುಗಿದ ಮೇಲೆ ಹೊಸ ರಾಗ: "ಕೊಟ್ಟ ಪುಸ್ತಕ ಕಳದ್ರ ಯಾರ್ರಿ ಹೊಣಿ? ಅದಕ್ಕ ನಾ ಯಾರಿಗೂ ಕೊಟ್ಟಿಲ್ಲ. ನಾ ಬಂದಾಗಿಂದ ಒಂದರ ಪುಸ್ತಕ ಕಳದೈತೇನ್ರಿ?" ಕೊಡದಿದ್ದರೆ ಕಳೆಯುವುದೆಲ್ಲಿಂದ! ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಅದೇ ಕತೆ. ಹುಡುಗಿ ದಿನಾ ಬಂದು ನನ್ನ ಮುಖ ನೋಡಿ ಹೋಗುತ್ತಿದ್ದಳು. ಕಡೆಗೊಂದು ದಿನ ನನ್ನ ಪಿತ್ತ ನೆತ್ತಿಗೇರಿತು. "ಸರ್, ನೀವು ಕೀಲಿ ಕೊಡದಿದ್ರ ನಾ ಕೀಲಿ ಒಡಸ್ತೇನಿ, ಪಗಾರದಾಗ ಮುರಕೊಳ್ರಿ" ಅಂದೆ. ಅವರು ಗಾಬರಿಯಾಗಿ ತಾವೇ ಎದ್ದು ಬಂದರು. ನಾನು ಹುಡುಗಿಯನ್ನೂ ಕರೆದುಕೊಂಡೆ.

ಬಾಗಿಲಿನ ಕುಂಕುಮ ಅಳಿಸದಂತೆ ಹುಷಾರಾಗಿ ಕೀಲಿ ತೆಗೆದರು. ಗಾಜಿನ ಹಿಂದೆ ಪುಸ್ತಕಗಳು ಸಾಲಾಗಿ, ಚೆಂದಾಗಿ ನಿಂತಿದ್ದವು. ಹುಡುಗಿ ತನ್ನದನ್ನು ಗುರುತು ಹಿಡಿದು ಎಳೆದಳು. ಕೈಗೆ ಬಂದದ್ದು ಹೆಸರು ಬರೆದ ಬೆನ್ನಿನ ರಟ್ಟು ಮಾತ್ರ. ಅದರ ಹಿಂದೆ ಹಸಿ ಮಣ್ಣು. ಇನ್ನೊಂದು ಎಳೆದಳು, ಮತ್ತೊಂದು ಎಳೆದಳು. ಎಲ್ಲವೂ ಅಷ್ಟೇ. ಗೋಡೆಯಿಂದ ಬಂದ ಗೆದ್ದಲು ಹಿಂದಿನಿಂದ ತಿನ್ನುತ್ತ ಬಂದು, ನಮಗೆ ಕಾಣುವಷ್ಟನ್ನು ಬಿಟ್ಟಿತ್ತು. ಮೇಲೆ ಥಳುಕು, ಒಳಗೆ ಹುಳುಕು.

"ಒರಲಿ ಹತ್ತೇತಲ್ಲೋ ಶಿವನ!" ಅಂದರು ಪ್ರಿನ್ಸಿಪಾಲರು. ಆಮೇಲೆ ನನ್ನ ಕಡೆ ತಿರುಗಿ, "ಪೂಜಾ ಮಾತ್ರ ಒಂದ ವರ್ಷನೂ ತಪ್ಪಿಸಿಲ್ರಿ ಮೇಡಂ" ಅಂದರು. ಪಾಪ, ಅವರು ನಿಜವನ್ನೇ ಹೇಳಿದರು. ಬಾಗಿಲು ಮುಚ್ಚಿ ಕೀಲಿ ಹಾಕಿದ ಮೇಲೆ ಅಭ್ಯಾಸಬಲದಿಂದ ಕೈಯನ್ನೂ ಮುಗಿದರು.

ಹುಡುಗಿ ಕೈಯಲ್ಲಿದ್ದ ರಟ್ಟನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. "ಸುಡಾಕ ಬರೋರು ಒಮ್ಮೆರ ಕಪಾಟ ತೆಗೀತಿದ್ರಲ್ರಿ, ಮೇಡಂ" ಅಂದಳು. ನಲ್ಲಿಯಲ್ಲಿ ಕೈಯ ಮಣ್ಣು ತೊಳೆದುಕೊಂಡು ಊರಿನ ಬಸ್ಸಿಗೆ ಹೋದಳು. ಆಮೇಲೆ ಅವಳು ನನ್ನನ್ನು ಯಾವ ಪುಸ್ತಕವನ್ನೂ ಕೇಳಲಿಲ್ಲ.